ಝೆರಾಕ್ಸ್ ಹಾಳೆಯ ಪೂರ್ಣವಿರಾಮ

ಝೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಂದ ಹಾಳೆ ಕೈಗೆ ಬಿಸಿ ತಾಗುತ್ತದೆ, ಅಲ್ವಾ? ಮುಂಬೈನ ಫೋರ್ಟಿನಲ್ಲಿ ನನ್ನ ಭಾವನದ್ದು ಒಂದು ಪುಟ್ಟ ಝೆರಾಕ್ಸ್ ಅಂಗಡಿ. ಹೈಕೋರ್ಟಿನ ವಕೀಲರ ಗುಮಾಸ್ತರು ಕಟ್ಟುಗಟ್ಟಲೆ ಕಾಗದ ತಂದು ನಕಲು ಮಾಡಿಸಿಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ಕೊಡೆ ಮಡಚಿಟ್ಟು, ಕೈ ಒರೆಸಿಕೊಂಡು ಆ ಬಿಸಿ ಹಾಳೆ ಹಿಡಿದರೆ ಹಿತವಾಗುತ್ತದೆ. ನಾನು ಹೇಳಹೊರಟಿರುವ ವಿಷಯದ ಬೇರು ಆ ಬಿಸಿಯಲ್ಲೇ ಇದೆ.

ನಾನು 17 ವರ್ಷ ವಾಪಿಯ ಒಂದು ಕಾಗದದ ಮಿಲ್ಲಿನಲ್ಲಿ ಶಿಫ್ಟ್ ಕೆಮಿಸ್ಟ್ ಆಗಿದ್ದವನು. ವಾರಕ್ಕೊಮ್ಮೆ ಫ್ಲೈಯಿಂಗ್ ರಾಣಿ ರೈಲು ಹಿಡಿದು ಬೊರಿವಲಿಯಲ್ಲಿ ಇಳಿದು ಮನೆ ಸೇರುತ್ತಿದ್ದೆ. ಮುಂಬೈ ಆಫೀಸುಗಳ ರದ್ದಿ ಗೋದಾಮುಗಳಲ್ಲಿ ಬೇಲ್ ಆಗಿ, ಲಾರಿ ಹತ್ತಿ, ಗುಜರಾತಿನ ಗಡಿ ದಾಟಿದ ಕೂಡಲೇ ಸಿಗುವ ಆ ಊರಿಗೂ ಬರುತ್ತದೆ. ಹಾಗಾಗಿ ಒಂದೇ ಕಾಗದವನ್ನು ಎರಡೂ ತುದಿಯಲ್ಲಿ ನೋಡಿದ್ದೇನೆ. ಇಲ್ಲಿ ಭಾವನ ಅಂಗಡಿಯಲ್ಲಿ ಹುಟ್ಟುವುದನ್ನು, ಅಲ್ಲಿ ಪಲ್ಪರ್ ತೊಟ್ಟಿಯಲ್ಲಿ ಕರಗುವುದನ್ನು.

ಒಮ್ಮೆ ಭಾವ ಕೇಳಿದರು: "ಕೋರಾ ಕಾಗದದ ತುಂಡಿಗೆ ಒಳ್ಳೆ ರೇಟು ಕೊಡ್ತಾರೆ. ಅದೇ ಕಾಗದ ಒಮ್ಮೆ ಮೆಷಿನ್ ಒಳಗೆ ಹೋಗಿ ಬಂದರೆ ರೇಟು ಬಿತ್ತು. ಒಂದು ಹಾಳೆಯಲ್ಲಿ ಎಷ್ಟು ಮಸಿ ಉಂಟು ಮಾರಾಯ? ಸ್ವಲ್ಪ ಬ್ಲೀಚ್ ಹಾಕಿದ್ರೆ ಹೋಗುವುದಿಲ್ವಾ?"

ಹೋಗುವುದಿಲ್ಲ. ಎಷ್ಟು ಬ್ಲೀಚ್ ಸುರಿದರೂ ಹೋಗುವುದಿಲ್ಲ. ಯಾಕೆ ಅಂತ ಅವರಿಗೆ ಒಂದು ಮಧ್ಯಾಹ್ನ ಪೂರ್ತಿ ಕೂತು ಹೇಳಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ. ಒಂದು ಲೋಟದಲ್ಲಿ ಹಳೆ ಪತ್ರಿಕೆಯ ಚೂರು, ಇನ್ನೊಂದರಲ್ಲಿ ಝೆರಾಕ್ಸ್ ಹಾಳೆಯ ಚೂರು ಹಾಕಿ, ಬಿಸಿನೀರು ಸುರಿದು ಅರ್ಧ ಗಂಟೆ ನೆನೆಸಿಡಿ. ಆಮೇಲೆ ಒಂದೊಂದನ್ನೇ ಹಳೆಯ ಮಿಕ್ಸಿ ಜಾರಿನಲ್ಲಿ ಹಾಕಿ ತಿರುವಿ. ಜಾಸ್ತಿ ನೀರು ಸೇರಿಸಿ ಗಾಜಿನ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ. ಪತ್ರಿಕೆಯ ನೀರು ಪೂರ್ತಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಪಾತ್ರೆ ತೊಳೆದ ನೀರಿನ ಹಾಗೆ. ಝೆರಾಕ್ಸ್ ಹಾಳೆಯದ್ದು ಹಾಲಿನಂತೆ ಬೆಳ್ಳಗೆ ಇರುತ್ತದೆ. ಆದರೆ ಅದರಲ್ಲಿ ಕರಿ ಚೂರುಗಳು ತೇಲಾಡುತ್ತಿರುತ್ತವೆ. ದಿಟ್ಟಿಸಿ ನೋಡಿದರೆ ಕೆಲವಕ್ಕೆ ಇನ್ನೂ ಅಕ್ಷರದ ಆಕಾರ ಇರುತ್ತದೆ. ಒಂದು ಕೊಂಬು, ಒಂದು ಸೊನ್ನೆಯ ಅರ್ಧ.

ಮೊದಲನೆಯದು ಶಾಯಿ, ಎರಡನೆಯದು ಪ್ಲಾಸ್ಟಿಕ್. ವ್ಯತ್ಯಾಸ ಅಷ್ಟೇ.

ಪತ್ರಿಕೆಯ ಶಾಯಿ ಎಣ್ಣೆ ಮತ್ತು ಕಾಡಿಗೆಯಂಥ ಇಂಗಾಲದ ಪುಡಿ. ಎಣ್ಣೆ ಕಾಗದದಲ್ಲಿ ಇಂಗುತ್ತದೆ, ಪುಡಿ ಮೇಲೆ ಕೂತಿರುತ್ತದೆ. ಬೆಳಿಗ್ಗೆ ಪೇಪರ್ ಓದಿದವರ ಬೆರಳು ಕಪ್ಪಾಗುವುದು ಅದಕ್ಕೇ. ಝೆರಾಕ್ಸ್ ಯಂತ್ರದ ಮಸಿಗೆ ಟೋನರ್ ಅನ್ನುತ್ತಾರೆ. ಅದರಲ್ಲಿ ಎಣ್ಣೆಯೂ ಇಲ್ಲ, ನೀರೂ ಇಲ್ಲ. ಅದು ಒಣ ಪುಡಿ. ಒಂದೊಂದು ಕಣವೂ 5ರಿಂದ 10 ಮೈಕ್ರಾನ್ ಗಾತ್ರದ್ದು. ಒಂದು ಮಿಲಿಮೀಟರ್‌ನಲ್ಲಿ ಸಾವಿರ ಮೈಕ್ರಾನ್, ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ಹಾಕಿಕೊಳ್ಳಿ. ಆ ಕಣದ ಬಹುಪಾಲು ಸ್ಟೈರೀನ್ ಅಕ್ರಿಲೇಟ್ ಅಥವಾ ಪಾಲಿಯೆಸ್ಟರ್ ಎಂಬ ಪ್ಲಾಸ್ಟಿಕ್. ಬಣ್ಣಕ್ಕೆ ಇಂಗಾಲದ ಪುಡಿ, ಜೊತೆಗೆ ಸ್ವಲ್ಪ ಮೇಣ.

ಯಂತ್ರದೊಳಗೆ ಒಂದು ಡ್ರಮ್ ಇರುತ್ತದೆ. ಅದಕ್ಕೆ ವಿದ್ಯುತ್ ತುಂಬಿ, ಯಂತ್ರದ ಜಾತಿಗೆ ತಕ್ಕಂತೆ ಅಕ್ಷರ ಬೇಡದ ಕಡೆ ಅಥವಾ ಬೇಕಾದ ಕಡೆ ಬೆಳಕು ಬಿಟ್ಟು, ಅಕ್ಷರದ ಜಾಗಕ್ಕೆ ಮಾತ್ರ ಪುಡಿ ಅಂಟುವಂತೆ ಮಾಡುತ್ತಾರೆ. ಪುಡಿ ಅಲ್ಲಿಂದ ಕಾಗದಕ್ಕೆ ಹಾರುತ್ತದೆ. ಈ ಹಂತದಲ್ಲಿ ಊದಿದರೆ ಅಕ್ಷರ ಹಾರಿಹೋದೀತು. ಆಮೇಲೆ ಕಾಗದ ಎರಡು ರೋಲರ್‌ಗಳ ನಡುವೆ ಹಾಯುತ್ತದೆ. ಅಲ್ಲಿ 150ರಿಂದ 200 ಡಿಗ್ರಿ ಬಿಸಿ. ಪುಡಿ ಕರಗಿ, ಕಣಗಳು ಒಂದಕ್ಕೊಂದು ಬೆಸೆದು, ಕಾಗದದ ನಾರಿನ ಸಂದುಗಳಿಗೆ ಇಳಿದು, ಹೊರಗೆ ಬರುವಷ್ಟರಲ್ಲಿ ಗಟ್ಟಿಯಾಗುತ್ತದೆ. ಕೈಗೆ ತಾಗಿದ ಬಿಸಿ ಅದೇ.

ಒಂದು ಪೂರ್ಣವಿರಾಮವನ್ನೇ ತೆಗೆದುಕೊಳ್ಳೋಣ. ಮಾಮೂಲಿ ಅಕ್ಷರದ ಅಳತೆಯಲ್ಲಿ ಅದರ ಅಗಲ ಹೆಚ್ಚುಕಡಿಮೆ 400 ಮೈಕ್ರಾನ್. ಸಾವಿರಾರು ಕಣ ಸೇರಿ ಆದ ಒಂದೇ ಚಕ್ಕೆ. ದಪ್ಪ ಮಾತ್ರ ಸುಮಾರು 10 ಮೈಕ್ರಾನ್. ಅಂದರೆ ಅದು ಗೋಲಿಯ ಹಾಗೆ ಅಲ್ಲ, ಹಪ್ಪಳದ ಹಾಗೆ. ಈ ಹಪ್ಪಳದ ಆಕಾರವನ್ನು ನೆನಪಿಟ್ಟುಕೊಳ್ಳಿ. ಮಿಲ್ಲಿನವರ ನಿದ್ದೆ ಕೆಡಿಸುವುದು ಅದೇ.

ಬ್ಲೀಚ್ ವಿಷಯಕ್ಕೆ ಬರುತ್ತೇನೆ. ಬ್ಲೀಚ್ ಬಟ್ಟೆಯ ಕಲೆ ತೆಗೆಯುವುದು ಬಣ್ಣದ ಅಣುವನ್ನು ಒಡೆದು. ಇಂಗಾಲದ ಪುಡಿಯನ್ನು ಹಾಗೆ ಒಡೆಯಲು ಆಗುವುದಿಲ್ಲ. ಕ್ಲೋರಿನ್ ಇರಲಿ, ಹೈಡ್ರೋಜನ್ ಪೆರಾಕ್ಸೈಡ್ ಇರಲಿ, ಮಸಿ ಮಸಿಯಾಗಿಯೇ ಉಳಿಯುತ್ತದೆ. ಅದನ್ನು ಬಿಳಿ ಮಾಡುವ ಮಾತೇ ಇಲ್ಲ. ಇರುವುದು ಒಂದೇ ದಾರಿ, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಆರಿಸಿ ತೆಗೆಯುವುದು. ಅಸಿಟೋನ್‌ನಂಥ ದ್ರಾವಕದಲ್ಲಿ ಟೋನರ್ ಕರಗುತ್ತದೆ ನಿಜ. ಆದರೆ ಪ್ಲಾಸ್ಟಿಕ್ ಕರಗಿದ ಕೂಡಲೇ ಒಳಗಿದ್ದ ಮಸಿ ಬಿಡುಗಡೆಯಾಗಿ ನಾರಿಗೆಲ್ಲ ಬಳಿದುಕೊಳ್ಳುತ್ತದೆ. ಟನ್‌ಗಟ್ಟಲೆ ಕಾಗದಕ್ಕೆ ಅಸಿಟೋನ್ ಬಳಸುವ ಖರ್ಚು, ಬೆಂಕಿಯ ಭಯ ಬೇರೆ.

ಕಾಗದದಿಂದ ಮಸಿ ತೆಗೆಯುವ ಆಸೆ ಹಳೆಯದು. 1774ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಯುಸ್ಟುಸ್ ಕ್ಲಾಪ್ರೋತ್ ಎಂಬ ಕಾನೂನು ಪಂಡಿತರು, ಅಚ್ಚಾದ ಕಾಗದದಿಂದ ಶಾಯಿ ತೊಳೆದು ಹೊಸ ಕಾಗದ ಮಾಡುವ ಬಗೆ ಹೇಳುವ ಕಿರುಪುಸ್ತಕ ಪ್ರಕಟಿಸಿದರು. 1800ರಲ್ಲಿ ಲಂಡನ್ನಿನಲ್ಲಿ ಮಥಿಯಾಸ್ ಕೂಪ್ಸ್ ಅದೇ ಕೆಲಸಕ್ಕೆ ಪೇಟೆಂಟ್ ಪಡೆದರು. ಆ ಕಾಲದ ಶಾಯಿ ಅಗಸೆ ಎಣ್ಣೆ ಮತ್ತು ಕಾಡಿಗೆ. ಕ್ಷಾರದ ನೀರು ಬಿದ್ದರೆ ಎಣ್ಣೆ ಸಾಬೂನಾಗಿ ಬಿಟ್ಟುಕೊಡುತ್ತಿತ್ತು. ನಮ್ಮ ಆಫೀಸುಗಳಲ್ಲಿದ್ದ ಸೈಕ್ಲೋಸ್ಟೈಲ್ ಶಾಯಿಯೂ ಎಣ್ಣೆಯ ಜಾತಿಯದ್ದೇ.

ಕಥೆ ತಿರುಗಿದ್ದು 1938ರ ಅಕ್ಟೋಬರ್ 22ರಂದು. ನ್ಯೂಯಾರ್ಕ್‌ನ ಆಸ್ಟೋರಿಯಾದ ಒಂದು ಬಾಡಿಗೆ ಕೋಣೆಯಲ್ಲಿ ಚೆಸ್ಟರ್ ಕಾರ್ಲ್‌ಸನ್ ಮೊದಲ ಒಣ ನಕಲು ತೆಗೆದರು. ಗಂಧಕ ಬಳಿದ ಸತುವಿನ ತಗಡು, ಅದರ ಮೇಲೆ ಒಂದು ಜಾತಿಯ ಪಾಚಿಯಂಥ ಗಿಡದ ಬೀಜಕಣಗಳ ಪುಡಿ, ಆಮೇಲೆ ಮೇಣದ ಕಾಗದ. ಜಗತ್ತಿನ ಮೊದಲ ಟೋನರ್ ಪ್ಲಾಸ್ಟಿಕ್ ಆಗಿರಲಿಲ್ಲ, ಗಿಡದಿಂದ ಬಂದ ಪುಡಿಯಾಗಿತ್ತು. ಇದು ನನಗೆ ಇವತ್ತಿಗೂ ಬೆರಗು. ಪ್ಲಾಸ್ಟಿಕ್ ಪುಡಿ ಆಮೇಲೆ ಬಂತು. 1959ರಲ್ಲಿ ಝೆರಾಕ್ಸ್ 914 ಯಂತ್ರ, 1980ರ ದಶಕದಲ್ಲಿ ಮೇಜಿನ ಮೇಲೆ ಕೂರುವ ಲೇಸರ್ ಪ್ರಿಂಟರ್. ಅಕ್ಷರ ಅಳಿಯಬಾರದು, ಉದುರಬಾರದು, ಒದ್ದೆಯಾದರೂ ಹರಡಬಾರದು ಎಂದು ಎಂಜಿನಿಯರುಗಳು ದುಡಿದರು, ಗೆದ್ದರು. ಅವರು ಗೆದ್ದಷ್ಟೂ ಮಿಲ್ಲಿನವರ ಕೆಲಸ ಕಷ್ಟವಾಯಿತು.

ಇಷ್ಟೆಲ್ಲ ಕಷ್ಟಪಡಲು ಕಾರಣ ಇದೆ. ಆಫೀಸಿನ ಬಿಳಿ ಹಾಳೆ ಅಂದರೆ ಒಳ್ಳೆಯ ನಾರು. ಮರದ ತಿರುಳನ್ನು ರಾಸಾಯನಿಕದಲ್ಲಿ ಬೇಯಿಸಿ, ಕಾಗದವನ್ನು ಹಳದಿ ಮಾಡುವ ಲಿಗ್ನಿನ್ ತೆಗೆದು, ಬಿಳಿ ಮಾಡಿದ್ದು. ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಹಾಗೇ ಇರುತ್ತದೆ, ಅದಕ್ಕೇ ಬಿಸಿಲಿಗಿಟ್ಟರೆ ಹಳದಿಯಾಗುತ್ತದೆ. ಇಷ್ಟು ಖರ್ಚು ಮಾಡಿ ತಯಾರಿಸಿದ ನಾರನ್ನು ಮತ್ತೆ ಬರೆಯುವ ಕಾಗದಕ್ಕೋ ಟಿಶ್ಯೂಗೋ ಬಳಸಬಹುದು. ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಮಾಮೂಲಿ ಪತ್ರ ಅಚ್ಚಾದ ಹಾಳೆಯಲ್ಲಿ ಟೋನರ್ ತೂಕ ಅದರ ನೂರರಲ್ಲಿ ಒಂದು ಪಾಲಿನ ಆಸುಪಾಸು. ಆ ಒಂದು ಪಾಲಿಗೋಸ್ಕರ ಉಳಿದದ್ದನ್ನೆಲ್ಲ ಬೂದು ರಟ್ಟು ಮಾಡಿ ಮುಗಿಸುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಈಗ ಪೂರ್ಣವಿರಾಮದ ಹಿಂದೆ ಮಿಲ್ಲಿನೊಳಗೆ ಹೋಗೋಣ.

ಪಲ್ಪರ್ ಅಂದರೆ ದೊಡ್ಡ ತೊಟ್ಟಿ, ಒಳಗೆ ತಿರುಗುವ ಸುರುಳಿ. ನೂರು ಪಾಲಿನಲ್ಲಿ ಹನ್ನೆರಡರಿಂದ ಹದಿನೆಂಟು ಪಾಲು ಕಾಗದ, ಉಳಿದದ್ದು ನೀರು. ಇಷ್ಟು ಗಟ್ಟಿಯಾಗಿದ್ದರೆ ನಾರಿಗೆ ನಾರು ಉಜ್ಜುತ್ತದೆ, ಬಟ್ಟೆಗೆ ಬಟ್ಟೆ ಉಜ್ಜಿ ಒಗೆದ ಹಾಗೆ. ಆ ಉಜ್ಜುವಿಕೆಯಲ್ಲಿ ಟೋನರ್ ಚಕ್ಕೆ ನಾರಿನಿಂದ ಎದ್ದು ಬರುತ್ತದೆ. ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿದರೆ ನಾರು ಉಬ್ಬುತ್ತದೆ. ನಾರು ಉಬ್ಬುತ್ತದೆ, ಪ್ಲಾಸ್ಟಿಕ್ ಉಬ್ಬುವುದಿಲ್ಲ, ಅಂಟು ಬಿರುಕು ಬಿಡುತ್ತದೆ.

ಇಲ್ಲಿ ನೀರಿನ ಬಿಸಿ ಬಹಳ ಮುಖ್ಯ. ಟೋನರಿನ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ಅದಕ್ಕಿಂತ ಕೆಳಗೆ, 45-50ರಲ್ಲಿ ಇಟ್ಟರೆ ಗರಿಗರಿಯಾಗಿದ್ದು ಮುರಿಯುತ್ತದೆ. ಮೇಲೆ ಹೋದರೆ ಬೆಲ್ಲದ ಪಾಕದ ಹಾಗೆ ಜಗ್ಗುತ್ತದೆ. ಬಾಯ್ಲರಿನವರು ಉಗಿ ಜಾಸ್ತಿ ಬಿಟ್ಟರೆ ಒಂದು ಗಂಟೆಯ ನಂತರ ಲ್ಯಾಬಿನ ಹಾಳೆಯಲ್ಲಿ ಅದು ಕಾಣುತ್ತಿತ್ತು.

ಲ್ಯಾಬಿನ ಹಾಳೆ ಅಂದೆ. ಪಾಳಿಯಲ್ಲಿ ಪ್ರತಿ ಗಂಟೆಗೂ ಒಂದು ಮಗ್ ಪಲ್ಪ್, ಅಂದರೆ ನೀರಿನಲ್ಲಿ ಕರಗಿದ ಕಾಗದದ ಗಂಜಿ ತಂದು, ಜಾಲರಿಯ ಮೇಲೆ ಸೋಸಿ, ಅಂಗೈ ಅಗಲದ ಬಿಲ್ಲೆ ಮಾಡುತ್ತಿದ್ದೆವು. ಬಿಸಿ ತಗಡಿನ ಮೇಲೆ ಒಣಗಿಸಿ, ದೀಪದ ಕೆಳಗಿಟ್ಟು, ಭೂತಗನ್ನಡಿಯಲ್ಲಿ ಕರಿ ಚುಕ್ಕೆ ಎಣಿಸುವುದು. ಸುಮಾರು 50 ಮೈಕ್ರಾನ್‌ಗಿಂತ ದೊಡ್ಡ ಚುಕ್ಕೆಯನ್ನು ಬರಿಗಣ್ಣು ಹಿಡಿಯುತ್ತದೆ. ಅದಕ್ಕಿಂತ ಚಿಕ್ಕದಾದರೆ ಚುಕ್ಕೆ ಕಾಣುವುದಿಲ್ಲ, ಆದರೆ ಬಿಲ್ಲೆ ಪೂರ್ತಿ ಮಾಸಿದಂತೆ ಕಾಣುತ್ತದೆ. ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಮಾಸಲು. ನಮ್ಮ ಕೆಲಸವೆಲ್ಲ ಈ ಎರಡರ ನಡುವೆ ದಾರಿ ಹುಡುಕುವುದು. ಎಲ್ಲಿ ನೋಡಿದರೂ ಚೂರಿನ ಅಳತೆಯದ್ದೇ ಪ್ರಶ್ನೆ.

ಯಾಕೆಂದರೆ ಮಿಲ್ಲಿನಲ್ಲಿ ಒಂದೊಂದು ಅಳತೆಗೆ ಒಂದೊಂದು ಸಲಕರಣೆ. ದೊಡ್ಡ ಚೂರಿಗೆ ಸ್ಕ್ರೀನ್, ಅಂದರೆ ಜರಡಿ. ಅದರ ಸೀಳು 150 ಮೈಕ್ರಾನ್ ಇರಬಹುದು. ನಮ್ಮ ಪೂರ್ಣವಿರಾಮ 400 ಮೈಕ್ರಾನ್, ಸಿಕ್ಕಿಬೀಳಬೇಕು ಅಲ್ವಾ? ಬೀಳುವುದಿಲ್ಲ. ಹಪ್ಪಳದ ಆಕಾರ ನೆನಪಿದೆಯಾ? ಅದು ಅಂಚು ಮುಂದಾಗಿ ತಿರುಗಿ, ಅಂಚೆ ಡಬ್ಬಿಯ ಸೀಳಿನಲ್ಲಿ ಕಾಗದ ಜಾರಿದಂತೆ ಜಾರಿಹೋಗುತ್ತದೆ. ಎಲ್ಲವೂ ಅಲ್ಲ, ಆದರೆ ಬೇಕಾದಷ್ಟು.

ಮುಂದೆ ಕ್ಲೀನರ್. ಕೊಳವೆಯಲ್ಲಿ ನೀರನ್ನು ಸುಳಿಯಾಗಿ ತಿರುಗಿಸಿದರೆ ಭಾರದ ಪಿನ್ನು, ಮರಳು ಗೋಡೆಗೆ ಸರಿದು ಕೆಳಗೆ ಇಳಿಯುತ್ತವೆ. ಟೋನರಿನ ಪ್ಲಾಸ್ಟಿಕ್ ನೀರಿಗಿಂತ ಅಷ್ಟೇನೂ ಭಾರವಿಲ್ಲ. ನೀರಿನ ಜೊತೆಗೇ ತಿರುಗುತ್ತದೆ, ಜೊತೆಗೇ ಹೊರಬರುತ್ತದೆ. ಕೆಲವು ಪ್ರಿಂಟರುಗಳ ಟೋನರ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್ ಇರುತ್ತದೆ. ಅದು ಭಾರ, ಇಲ್ಲಿ ಸಿಕ್ಕಿಬೀಳುತ್ತದೆ. ತೀರಾ ಸಣ್ಣ ಪುಡಿಗೆ, 10 ಮೈಕ್ರಾನ್ ಒಳಗಿನದ್ದಕ್ಕೆ, ತೊಳೆಯುವುದೇ ಸರಿ. ಜಾಲರಿಯ ಮೇಲೆ ನೀರು ಹಾಯಿಸಿದರೆ ಪುಡಿ ನೀರಿನ ಜೊತೆ ಹೋಗುತ್ತದೆ, ನಾರು ಮೇಲೆ ಉಳಿಯುತ್ತದೆ.

ನಡುವಿನ ಅಳತೆಗೆ ಫ್ಲೋಟೇಶನ್. ಸುಮಾರು 10ರಿಂದ 100 ಮೈಕ್ರಾನ್. ಇದು ಇಡೀ ಮಿಲ್ಲಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ. ಇದನ್ನು ಅರ್ಥ ಮಾಡಿಕೊಳ್ಳಲು ಆಲೆಮನೆ ನೋಡಿದವರಿಗೆ ಕಷ್ಟವೇ ಇಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆ ಹಾಕುತ್ತಾರೆ, ಸ್ವಲ್ಪ ಸುಣ್ಣದ ತಿಳಿ ಹಾಕುತ್ತಾರೆ. ಹಾಲಿನಲ್ಲಿದ್ದ ಕಸ ಲೋಳೆಗೆ ಅಂಟಿಕೊಂಡು, ನೊರೆಯ ಜೊತೆ ಮೇಲೆ ಬಂದು ಮಡ್ಡಿ ಕಟ್ಟುತ್ತದೆ. ಅದನ್ನು ಜಾಲರಿ ಸೌಟಿನಿಂದ ತೆಗೆದು ಹೊರಗೆ ಹಾಕುತ್ತಾರೆ. ಬೆಲ್ಲ ಹೊಂಬಣ್ಣಕ್ಕೆ ಬರುವುದು ಹಾಗೆ. ಫ್ಲೋಟೇಶನ್ ತೊಟ್ಟಿಯಲ್ಲಿಯೂ ಇದೇ ನಡೆಯುತ್ತದೆ. ಪಲ್ಪನ್ನು ನೂರಕ್ಕೆ ಒಂದು ಪಾಲಿನಷ್ಟು ತೆಳ್ಳಗೆ ಮಾಡಿ, ಕೆಳಗಿನಿಂದ ಗಾಳಿಯ ಗುಳ್ಳೆ ಬಿಡುತ್ತಾರೆ. ನಾರು ನೀರಿಗೆ ಒಗ್ಗುವಂಥದ್ದು, ಕೆಳಗೇ ಉಳಿಯುತ್ತದೆ. ಮಸಿ ನೀರಿಗೆ ಒಗ್ಗದ್ದು, ಗಾಳಿಯ ಗುಳ್ಳೆ ಸಿಕ್ಕರೆ ಅದನ್ನೇ ಹಿಡಿದುಕೊಂಡು ಮೇಲೆ ಬರುತ್ತದೆ.

ಬೆಂಡೆ ಲೋಳೆಯ ಜಾಗದಲ್ಲಿ ಇಲ್ಲಿ ಸಾಬೂನು. ಸುಣ್ಣವೂ ಬೇಕು! ಗಡಸು ನೀರಿನಲ್ಲಿ ಸ್ನಾನ ಮಾಡಿದರೆ ಸಾಬೂನು ನೊರೆ ಬರದೆ ಬಿಳಿ ಮೊಸರಿನ ಹಾಗೆ ಒಡೆಯುತ್ತದಲ್ಲ, ಆ ಮೊಸರು ಸಾಬೂನೂ ಕ್ಯಾಲ್ಸಿಯಮ್ಮೂ ಸೇರಿ ಆದದ್ದು. ಬಚ್ಚಲಲ್ಲಿ ಅದು ಕಿರಿಕಿರಿ. ಇಲ್ಲಿ ಅದೇ ಮಸಿಯ ಚೂರುಗಳನ್ನು ಗುಳ್ಳೆಗೆ ಅಂಟಿಸುತ್ತದೆ. ತೊಟ್ಟಿಯ ಕಿಟಕಿಯಿಂದ ನೋಡಿದರೆ ಕಾಫಿ ಡಿಕಾಕ್ಷನ್‌ಗಿಂತ ಕಪ್ಪು ನೊರೆ ಉಕ್ಕಿ ಅಂಚಿನಿಂದ ಇಳಿಯುತ್ತಿರುತ್ತದೆ. ರಾತ್ರಿ ಪಾಳಿಯಲ್ಲಿ ಅದನ್ನೇ ನೋಡುತ್ತಾ ನಿಂತುಬಿಡುತ್ತಿದ್ದೆ.

ಟೋನರ್ ಪ್ಲಾಸ್ಟಿಕ್ ಆದ್ದರಿಂದ ನೀರಿಗೆ ಒಗ್ಗುವುದೇ ಇಲ್ಲ. ಹಾಗಾದರೆ ಎಲ್ಲಕ್ಕಿಂತ ಮೊದಲು ತೇಲಬೇಕಿತ್ತು. ಎರಡು ತೊಡಕಿವೆ. ಒಂದು, ಹಪ್ಪಳದಂಥ ಅಗಲ ಚಕ್ಕೆಯನ್ನು ಪುಟ್ಟ ಗುಳ್ಳೆ ಹೊರಲಾರದು. ಹೊತ್ತರೂ ತೊಟ್ಟಿಯೊಳಗಿನ ಸೆಳೆತಕ್ಕೆ ಚಕ್ಕೆ ಕಳಚಿಕೊಳ್ಳುತ್ತದೆ. ಎರಡು, ಕಾಗದದಿಂದ ಕಿತ್ತು ಬರುವಾಗ ಚಕ್ಕೆಯ ಬೆನ್ನಿಗೆ ಕೆಲವು ನಾರಿನ ಎಳೆಗಳೂ ಅಂಟಿಕೊಂಡು ಬಂದಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಂಬಳಿ ಹುಳದ ಹಾಗೆ ಕೂದಲು ಬಂದಿರುತ್ತದೆ. ಆ ನಾರು ನೀರಿನ ಕಡೆ ಎಳೆಯುತ್ತದೆ, ಪ್ಲಾಸ್ಟಿಕ್ ಗುಳ್ಳೆಯ ಕಡೆ ಎಳೆಯುತ್ತದೆ. ಗೆಲ್ಲುವುದು ಹೆಚ್ಚಾಗಿ ನೀರು.

ಈ ಕೂದಲು ಬೋಳಿಸಲು ಕಿಣ್ವ ಬಂತು. ಸೆಲ್ಯುಲೇಸ್ ಎಂಬ ಕಿಣ್ವ ನಾರಿನ ಮೇಲಿರುವ ಸಣ್ಣ ಎಳೆಗಳನ್ನು ತಿಂದುಹಾಕುತ್ತದೆ. 1990ರ ದಶಕದಿಂದ ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಕಿಣ್ವದ ಅನುಕೂಲ ಏನೆಂದರೆ ಕಾಸ್ಟಿಕ್ ಕಡಿಮೆ ಸಾಕು, ಕೊಳೆ ನೀರಿನ ಹೊರೆಯೂ ಇಳಿಯುತ್ತದೆ. ಆದರೆ ಕಿಣ್ವಕ್ಕೆ ಹೊತ್ತು ಗೊತ್ತಿರಬೇಕು. ಅದು ಎಳೆ ತಿಂದ ಮೇಲೆ ನಿಲ್ಲದೆ ನಾರನ್ನೇ ತಿನ್ನಲು ಹೊರಟರೆ ಕಾಗದದ ಬಲವೇ ಹೋಗುತ್ತದೆ. ಅಳತೆ ಮತ್ತು ಗಡಿಯಾರ ಎರಡನ್ನೂ ನೋಡುತ್ತಾ ಇರಬೇಕು.

ಇನ್ನೊಂದು ದಾರಿ ಪೂರ್ತಿ ಉಲ್ಟಾ. ಒಡೆಯುವ ಬದಲು ಉಂಡೆ ಕಟ್ಟುವುದು. ಮಜ್ಜಿಗೆ ಕಡೆಯುವಾಗ ಮೊದಲು ಬೆಣ್ಣೆ ಸಣ್ಣ ಕಾಳಾಗಿ ಚದುರಿರುತ್ತದೆ, ಹದ ಬಂದಾಗ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಅದೇ ರೀತಿ ಪಲ್ಪನ್ನು 70 ಡಿಗ್ರಿಯವರೆಗೆ ಬಿಸಿ ಮಾಡಿ, ಆಕ್ಟಾಡೆಕನಾಲ್ ಎಂಬ ಮೇಣದಂಥ ಆಲ್ಕೋಹಾಲನ್ನು ಸ್ವಲ್ಪ ಹಾಕಿ ಕದಡುತ್ತಾರೆ. ಮೆತ್ತಗಾದ ಟೋನರ್ ಚೂರುಗಳ ನಡುವೆ ಅದು ಅಂಟಿನ ಕೆಲಸ ಮಾಡುತ್ತದೆ. ಹಪ್ಪಳಗಳೆಲ್ಲ ಸೇರಿ ಗುಂಡಗಿನ ಗೋಲಿಯಾಗುತ್ತವೆ. ಗೋಲಿಗೆ ಅಂಚು ಇಲ್ಲ, ಸೀಳಿನಲ್ಲಿ ಜಾರುವ ಹಾಗಿಲ್ಲ. ಜರಡಿಯಲ್ಲಿ ಸಿಕ್ಕಿಬೀಳುತ್ತದೆ. ಆಕಾರ ಬದಲಿಸಿದರೆ ಸಾಕು, ಇದ್ದ ಜರಡಿಯೇ ಕೆಲಸ ಮಾಡುತ್ತದೆ. ನನಗೆ ಈ ಉಪಾಯದ ಮೇಲೆ ತುಂಬಾ ಗೌರವ. ತೊಂದರೆ ಬರುವುದು ರದ್ದಿಯಲ್ಲಿ ಬೇರೆ ಶಾಯಿಯೂ ಬೆರೆತಾಗ. ಪತ್ರಿಕೆಯ ಶಾಯಿ ಹೀಗೆ ಉಂಡೆ ಕಟ್ಟುವುದಿಲ್ಲ.

ಹೆಚ್ಚಿನ ಮಿಲ್ಲುಗಳು ಮಾಡುವುದು ಇನ್ನೂ ನೇರ ಕೆಲಸ. ಒಂದು ಸುತ್ತು ಫ್ಲೋಟೇಶನ್ ಆದ ಮೇಲೆ ಪಲ್ಪನ್ನು ಹಿಂಡಿ ಗಟ್ಟಿ ಮಾಡಿ, 90 ಡಿಗ್ರಿಯವರೆಗೆ ಬಿಸಿ ಮಾಡಿ, ಡಿಸ್ಪರ್ಸರ್ ಎಂಬ ಹಲ್ಲಿನ ತಟ್ಟೆಗಳ ನಡುವೆ ರುಬ್ಬುತ್ತಾರೆ. ಉಳಿದ ಚಕ್ಕೆಗಳು ನುಚ್ಚಾಗುತ್ತವೆ. ಮತ್ತೆ ಎರಡನೇ ಸುತ್ತು ಫ್ಲೋಟೇಶನ್. ಈ ಎರಡನೇ ಸುತ್ತಿಗೆ ದುಡ್ಡು ಹಾಕದೆ ಬರೀ ರುಬ್ಬಿ ಮುಗಿಸಿದರೆ ಚುಕ್ಕೆ ಕಣ್ಣಿಗೆ ಮರೆಯಾಗುತ್ತದೆ, ಮಸಿ ಕಾಗದದಲ್ಲೇ ಉಳಿಯುತ್ತದೆ. ಕೊನೆಗೆ ಪೆರಾಕ್ಸೈಡ್ ಹಾಕುತ್ತಾರೆ. ಅದು ಮಸಿಗಲ್ಲ, ನಾರಿನ ಹಳದಿಗೆ.

ಒಂದು ರಾತ್ರಿಯ ಕಥೆ ಹೇಳಲೇಬೇಕು. ಬಿಲ್ಲೆ ಮಾಡಿ ನೋಡಿದರೆ ಚುಕ್ಕೆಯೇ ಇಲ್ಲ, ಆದರೆ ಬಿಲ್ಲೆ ಗುಲಾಬಿ. ಗಾಬರಿಯಾಯಿತು. ಬೇಲ್ ಬಿಚ್ಚಿ ನೋಡಿದರೆ ಬಿಳಿ ಕಾಗದದ ನಡುವೆ ಗುಲಾಬಿ ಬಿಲ್ ಪುಸ್ತಕಗಳೂ ಕಲರ್ ಇಂಕ್‌ಜೆಟ್ ಪುಟಗಳೂ ತುಂಬಿದ್ದವು. ಇಂಕ್‌ಜೆಟ್ ಶಾಯಿ ಎಷ್ಟೋ ಸಲ ನೀರಿನಲ್ಲಿ ಕರಗುವ ಬಣ್ಣ. ಕರಗಿದ ಬಣ್ಣಕ್ಕೆ ಚೂರೇ ಇಲ್ಲ, ಗುಳ್ಳೆ ಯಾವುದನ್ನು ಹಿಡಿಯಬೇಕು? ಬಣ್ಣ ಸೀದಾ ನಾರಿಗೆ ಏರುತ್ತದೆ. ಅದನ್ನು ಕಳೆಯಲು ಬೇರೆಯೇ ರಾಸಾಯನಿಕ ಬೇಕು. ಬೆಳಗಿನ ಜಾವದವರೆಗೆ ಹೆಣಗಿ ಬಣ್ಣ ಇಳಿಸಿದೆವು.

ಆಮೇಲೆ ಒಂದು ಭಾನುವಾರ ಧಾರಾವಿಯ ಒಂದು ಗೋದಾಮಿಗೆ ಹೋದೆ, ಕಾಗದ ಆರಿಸುವುದನ್ನು ನೋಡಲು. ಕಲಬುರಗಿ ಕಡೆಯ ಅಕ್ಕ ಒಬ್ಬರು ರಾಶಿಯ ಮುಂದೆ ಕೂತಿದ್ದರು. ಕನ್ನಡ ಕೇಳಿ ಮುಖ ಅರಳಿತು. "ಇದನ್ನೂ ಅದನ್ನೂ ಹೆಂಗ ಬೇರೆ ಮಾಡ್ತೀರಕ್ಕಾ?" ಅಂತ ಕೇಳಿದೆ. ಅವರು ಬೆರಳ ತುದಿಗೆ ಉಗುಳು ಹಚ್ಚಿ ಒಂದು ಹಾಳೆಯ ಅಕ್ಷರದ ಮೇಲೆ ಉಜ್ಜಿದರು. ನೀಲಿ ಹರಡಿತು. "ಇದು ಬಣ್ಣ ಬಿಡ್ತದ್ರಿ." ಇನ್ನೊಂದನ್ನು ಉಜ್ಜಿದರು, ಏನೂ ಆಗಲಿಲ್ಲ. "ಇದು ಬಿಡಂಗಿಲ್ರಿ, ಝೆರಾಕ್ಸ್. ಕೈಯಾಡಿಸ್ರಿ, ಉಬ್ಬು ಹತ್ತತದ." ನಾನು ಕಣ್ಣು ಮುಚ್ಚಿ ಬೆರಳಾಡಿಸಿದೆ. ನಿಜ, ಅಕ್ಷರ ಕೈಗೆ ಸಿಗುತ್ತದೆ. ಆ ಹತ್ತು ಮೈಕ್ರಾನ್ ದಪ್ಪವನ್ನು ಅವರ ಬೆರಳು ಓದುತ್ತಿತ್ತು. ನಮ್ಮ ಲ್ಯಾಬಿನಲ್ಲಿ ರಾತ್ರಿಯಿಡೀ ಹೆಣಗಿದ ಕೆಲಸ, ಇಲ್ಲಿ ಒಂದು ಕ್ಷಣದಲ್ಲಿ ಮುಗಿದಿತ್ತು. ಇಂಥ ಕೈಗಳಿಗೆ ಸಿಗುವ ಕೂಲಿ ಅವರ ಕೆಲಸದ ಬೆಲೆಗೆ ಯಾವ ರೀತಿಯಲ್ಲೂ ಸಮವಲ್ಲ.

ಮಿಲ್ಲಿಗೇ ಹೋಗದೆ ಹಾಳೆಯಿಂದಲೇ ಅಕ್ಷರ ತೆಗೆಯಲು ಆಗುತ್ತದಾ? 2012ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಹಸಿರು ಲೇಸರಿನ ತೀರಾ ಚುಟುಕು ಮಿಂಚುಗಳಿಂದ ಟೋನರನ್ನು ಆವಿಯಾಗಿಸಿ, ಕೆಳಗಿನ ಕಾಗದ ಹೆಚ್ಚೇನೂ ಕೆಡದಂತೆ ಮಾಡಿ ತೋರಿಸಿದರು. ತೋಷಿಬಾ ಕಂಪನಿ ಬಿಸಿಗೆ ಮಾಯವಾಗುವ ನೀಲಿ ಟೋನರ್ ಇರುವ ಯಂತ್ರವನ್ನೇ ಮಾರುಕಟ್ಟೆಗೆ ತಂದಿತ್ತು. ಎರಡೂ ಚಂದ. ಆದರೆ ಮುಂಬೈನಂಥ ಊರಿನ ರಾಶಿಗೆ ಸದ್ಯಕ್ಕೆ ಪಲ್ಪರ್ರೇ ಗತಿ.

ಹಾಗಾಗಿ ಭಾವನಿಗೆ ನಾನು ಹೇಳಿದ್ದು ಸುಮ್ನೆ ಮಾಡಬಹುದಾದ ನಾಲ್ಕು ಮಾತು. ಅಚ್ಚಾದ ಬಿಳಿ ಹಾಳೆಗೆ ಬೇರೆ ಚೀಲ. ಅದರಲ್ಲಿ ಪತ್ರಿಕೆ ಬೇಡ, ಬಣ್ಣದ ಕಾಗದ ಬೇಡ. ಸ್ಟೇಪಲ್ ಪಿನ್ ಇದ್ದರೆ ಚಿಂತೆಯಿಲ್ಲ, ಅದು ಭಾರ, ಕ್ಲೀನರ್ ಹಿಡಿಯುತ್ತದೆ. ಸೆಲ್ಲೋಟೇಪು, ಅಂಟು ಚೀಟಿ, ಲ್ಯಾಮಿನೇಶನ್ ಮಾಡಿದ್ದು ಬೇಡವೇ ಬೇಡ. ಆ ಅಂಟು ಪಲ್ಪಿನಲ್ಲಿ ಮೆತ್ತಗಾಗಿ ಎಲ್ಲ ಕಡೆ ಹತ್ತಿಕೊಳ್ಳುತ್ತದೆ. ಎಟಿಎಂ ಚೀಟಿ, ಅಂಗಡಿ ಬಿಲ್ಲು ಥರ್ಮಲ್ ಕಾಗದ, ಅದರ ಮೇಲೆ ರಾಸಾಯನಿಕದ ಲೇಪ ಇರುತ್ತದೆ, ಅದೂ ಬೇಡ. ಗುಟ್ಟಿನ ಕಾಗದ ಅಲ್ಲದಿದ್ದರೆ ಶ್ರೆಡ್ಡರ್‌ಗೆ ಹಾಕಬೇಡಿ. ಕತ್ತರಿಸಿದಷ್ಟೂ ನಾರು ಗಿಡ್ಡವಾಗುತ್ತದೆ, ಆಮೇಲೆ ಆರಿಸಲು ಕೈಗೂ ಸಿಗುವುದಿಲ್ಲ. ಒಂದು ಸಮಾಧಾನದ ಮಾತೂ ಇದೆ. ಪತ್ರಿಕೆ ಬೇಸಿಗೆಯ ಬಿಸಿಲಲ್ಲಿ ಹಳತಾದರೆ ಅದರ ಶಾಯಿ ಬಿಡಿಸುವುದು ಕಷ್ಟ. ಟೋನರಿಗೆ ಆ ಚಿಂತೆ ಅಷ್ಟಿಲ್ಲ. ಹತ್ತು ವರ್ಷದ ಹಳೆ ಫೈಲನ್ನೂ ಧೈರ್ಯವಾಗಿ ಕೊಡಬಹುದು.

ಭಾವ ಎಲ್ಲ ಕೇಳಿ ಕೊನೆಗೆ ಕೇಳಿದ್ದು: "ಆ ಕಪ್ಪು ನೊರೆ ಎಲ್ಲಿಗೆ ಹೋಗ್ತದೆ?"

ನೂರು ಕಿಲೋ ಆಫೀಸ್ ರದ್ದಿ ಹಾಕಿದರೆ ಹದಿನೈದರಿಂದ ಮೂವತ್ತು ಕಿಲೋ ಕಳೆದುಹೋಗುತ್ತದೆ. ಅದರಲ್ಲಿ ಟೋನರ್ ಸ್ವಲ್ಪವೇ. ಹೆಚ್ಚಿನದ್ದು ಕಾಗದಕ್ಕೆ ಬಿಳುಪು ಕೊಡಲು ಬೆರೆಸಿದ್ದ ಸುಣ್ಣದ ಪುಡಿ ಮತ್ತು ಮುರಿದ ನಾರು. ನೊರೆಯನ್ನು ಇಳಿಸಿ, ನೀರು ಹಿಂಡಿದರೆ ಬೂದು ಕೆಸರಿನ ಮುದ್ದೆ ಸಿಗುತ್ತದೆ. ಸ್ವಲ್ಪ ಬಾಯ್ಲರಿಗೆ ಹೋಗುತ್ತದೆ, ಸ್ವಲ್ಪವನ್ನು ರಟ್ಟು ಮಾಡುವವರು ಒಯ್ಯುತ್ತಾರೆ. ಭಾವನ ಮೇಜಿನ ಮೇಲೆ ವಕೀಲರ ಕೇಸ್ ಕಾಗದ ಕಟ್ಟುವ ಒಂದು ದಪ್ಪ ಬೂದು ರಟ್ಟಿನ ಫೈಲ್ ಇತ್ತು. ಅದನ್ನು ಎತ್ತಿ ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದೆ. ರಟ್ಟಿನ ತುಂಬ ಸಣ್ಣ ಸಣ್ಣ ಕರಿ ಚುಕ್ಕೆಗಳು. ಒಂದರ ಮೇಲೆ ಭಾವ ಉಗುರು ಇಟ್ಟು ಕೆರೆದರು. ಅದು ಹೊಳೆಯಿತು, ಏಳಲಿಲ್ಲ.